ಹಳೆಯ ಫೋರ್ ವೀಲ್ ಡ್ರೈವ್ ಗಾಡಿ: ಟೆಂಟಿಗೂ ಮೊದಲು ಆಗಬೇಕಾದ ಕೆಲಸ

2024 ನವೆಂಬರ್ 17, ಭಾನುವಾರ

ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ದುರಸ್ತಿ ಮಾಡಿ, ಅದರಲ್ಲೇ ಮಲಗುತ್ತ ಸುತ್ತಾಡುವಂತೆ ಸಜ್ಜುಗೊಳಿಸುತ್ತಿದ್ದೇನೆ. ಗಾಡಿಯನ್ನು ಜ್ಯಾಕ್ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಚಕ್ರಗಳನ್ನು ಬಿಚ್ಚಿ, ಇಡೀ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟಾದ ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗುವುದರಲ್ಲಿ ಇಂದಿನ ಬೆಳಗು ಕಳೆಯಿತು. ಗಟ್ಟಿಯಿರುವ ಉಕ್ಕು ಠಣ್ ಎಂದು ಮೊಳಗುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ದಬ್ಬೆನ್ನುತ್ತದೆ. ಹಳೆಯ ಗಾಡಿಗಳ ಚಾಸಿ ಸಾಮಾನ್ಯವಾಗಿ ಒಳಗೆ ಟೊಳ್ಳಾದ ಚೌಕ ಕೊಳವೆಯಂತಿರುವುದರಿಂದ, ವರ್ಷಗಟ್ಟಲೆ ರಂಧ್ರಗಳ ಮೂಲಕ ಒಳಸೇರಿದ ಕೆಸರು ಅಲ್ಲಿಯೇ ತೇವ ಹಿಡಿದು ಕುಳಿತು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಆದ್ದರಿಂದ ಹೊರಗಿನ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಅದನ್ನು ನಂಬುವಂತಿಲ್ಲ. ನನ್ನ ಗಾಡಿಯಲ್ಲಿ ಮುಂಭಾಗ ಗಟ್ಟಿಯಾಗಿದೆ. ಹಿಂದಿನ ಲೀಫ್ ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್, ಕೂರುವ ಜಾಗದಲ್ಲಿ, ಎಡಬದಿಯಲ್ಲಿ ಮಾತ್ರ, ಸ್ಕ್ರೂಡ್ರೈವರ್ ತುದಿ ಸಲೀಸಾಗಿ ಒಳಗೆ ಇಳಿಯಿತು.

ಇಂಥ ಜಾಗಕ್ಕೆ ತುಕ್ಕಿನ ಮೇಲೆಯೇ ಒಂದು ತಗಡು ಬೆಸೆದು ಬಣ್ಣ ಬಳಿಯುವುದು ಅತ್ಯಂತ ಅಗ್ಗದ ರಿಪೇರಿ, ಅಷ್ಟೇ ಅಪಾಯಕಾರಿ ರಿಪೇರಿಯೂ ಹೌದು. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಉಕ್ಕಿನ ತುಂಡನ್ನು ಕೂರಿಸಬೇಕು. ಮೇಲೆ ಬಲಪಡಿಸುವ ಪಟ್ಟಿ ಹಾಕುವುದಾದರೆ ಅದರ ತುದಿಗಳನ್ನು ಓರೆಯಾಗಿ ಕತ್ತರಿಸಬೇಕು, ಏಕೆಂದರೆ ಚಾಸಿಗೆ ಅಡ್ಡಲಾಗಿ ನೇರ ಗೆರೆಯಲ್ಲಿ ಹಾಕಿದ ಬೆಸುಗೆಯ ಪಕ್ಕದಲ್ಲೇ ಮುಂದೆ ಬಿರುಕು ಹುಟ್ಟುತ್ತದೆ. ಈ ಒಂದು ಕೆಲಸವನ್ನು ನುರಿತ ವೆಲ್ಡರ್‌ಗೆ ಒಪ್ಪಿಸುತ್ತೇನೆ. ಅದಕ್ಕೂ ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಹತ್ತಿರದ ಇಂಧನ ಟ್ಯಾಂಕನ್ನು ಮತ್ತು ಬ್ರೇಕ್ ಪೈಪನ್ನು ಕಳಚಿಡುವುದು ನನ್ನ ಪಾಲಿನ ಕೆಲಸ. ಬೆಸುಗೆ ಮುಗಿದ ಮೇಲೆ ಟೊಳ್ಳಿನೊಳಗೆ ಮೇಣದಂಥ ರಕ್ಷಕ ದ್ರವವನ್ನು ಸಿಂಪಡಿಸಬೇಕು. ಫಾಸ್ಫಾರಿಕ್ ಆಮ್ಲ ಬೆರೆತ ತುಕ್ಕು ನಿವಾರಕಗಳು ಮೇಲ್ಪದರದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತವೆ ನಿಜ, ಆದರೆ ಕಳೆದುಹೋದ ಲೋಹವನ್ನು ಅವು ಮರಳಿ ತರುವುದಿಲ್ಲ. ಅಲ್ಯೂಮಿನಿಯಂ ಮೈಯ ಗಾಡಿಗೆ ಈ ಕಾಟವಿಲ್ಲವೆಂದು ಕೆಲವರು ತಿಳಿದಿದ್ದಾರೆ. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್‌ನ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದೇ ಆಗಿದ್ದರೂ ಚಾಸಿ ಉಕ್ಕಿನದು. ಎರಡು ಲೋಹಗಳು ತಾಗುವಲ್ಲಿ ನೀರು ನಿಂತರೆ ಅಲ್ಯೂಮಿನಿಯಂ ಕೂಡ ಬಿಳಿಯ ಪುಡಿಯಾಗಿ ಉದುರುತ್ತದೆ.

ಮಧ್ಯಾಹ್ನ, ಎಡಬಲ ಚಕ್ರಗಳನ್ನು ಕೂಡಿಸುವ ಅಚ್ಚುಗಳಾದ ಎರಡೂ ಆಕ್ಸಲ್‌ಗಳ ಎಣ್ಣೆ ಇಳಿಸಿದೆ. ಮುಂದಿನದು ಕಪ್ಪಾಗಿತ್ತು, ಅಷ್ಟೇ. ಹಿಂದಿನದು ಕೆನೆಬಣ್ಣಕ್ಕೆ ತಿರುಗಿತ್ತು, ಅಂದರೆ ಒಳಗೆ ನೀರು ಸೇರಿದೆ. ಇದರ ಕಾರಣ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಒಂದೇ ಅಲ್ಲ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲೆಂದು ಮೇಲಿರುವ ಪುಟ್ಟ ರಂಧ್ರ, ಅಂದರೆ ಬ್ರೀದರ್, ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಆ ಕೊರತೆಯನ್ನು ತುಂಬಲು ನೀರೇ ಸೀಲಿನ ಅಂಚಿನಿಂದ ಒಳನುಗ್ಗುತ್ತದೆ, ಬ್ರೀದರ್ ತೆರೆದಿದ್ದು ನೀರಿನಲ್ಲಿ ಮುಳುಗಿದ್ದರಂತೂ ದಾರಿ ಇನ್ನೂ ಸುಲಭ. ಬ್ರೀದರ್‌ಗೆ ಮಾರುದ್ದದ ರಬ್ಬರ್ ಕೊಳವೆ ಸೇರಿಸಿ, ಅದರ ಇನ್ನೊಂದು ತುದಿಯನ್ನು ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಒಯ್ದು ಕಟ್ಟಿದರೆ ತೊಂದರೆ ಬಹುಪಾಲು ನೀಗುತ್ತದೆ. ಇಡೀ ಗಾಡಿಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ನಷ್ಟವನ್ನು ತಪ್ಪಿಸುವ ಕೆಲಸ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಟ್ರಾನ್ಸ್‌ಫರ್ ಕೇಸಿಗೂ (ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆ) ಹಾಗೆಯೇ ಮಾಡಬೇಕು. ಆಕ್ಸಲ್ಲಿನೊಳಗಿನ ಮುಖ್ಯ ಗೇರು ಜೋಡಿಯಾದ ಕ್ರೌನ್ ಪಿನಿಯನ್ ಹಲ್ಲುಗಳಲ್ಲಿ ಗುಳಿ ಬಿದ್ದಿಲ್ಲ, ಬೇರಿಂಗ್ ಒಂದರಲ್ಲಿ ಮಾತ್ರ ತುಕ್ಕಿನ ಕಲೆಯಿದೆ. ಅದನ್ನೂ ಸೀಲನ್ನೂ ಬದಲಿಸುತ್ತೇನೆ. ಆಕ್ಸಲ್ಲಿಗೆ ಶಕ್ತಿ ಒಯ್ಯುವ ತಿರುಗುವ ದಂಡವಾದ ಪ್ರೊಪೆಲ್ಲರ್ ಶಾಫ್ಟ್ ಕಳಚುವ ಮುನ್ನ ಎರಡು ಭಾಗಗಳು ಕೂಡುವಲ್ಲಿ ಗುರುತು ಹಾಕಿಟ್ಟೆ. ಜೋಡಿಸುವಾಗ ಎರಡು ತುದಿಯ ಕವಲು ಕೊಂಡಿಗಳು, ಅಂದರೆ ಯೋಕ್‌ಗಳು ಒಂದೇ ನೇರದಲ್ಲಿ ಬಾರದಿದ್ದರೆ ವೇಗದಲ್ಲಿ ಗಾಡಿ ನಡುಗುತ್ತದೆ, ಮತ್ತು ಆ ನಡುಕದ ಮೂಲ ಹುಡುಕುವವರು ಚಕ್ರದ ಬ್ಯಾಲೆನ್ಸಿಂಗ್‌ಗೆ ಸುಮ್ಮನೆ ಹಣ ಸುರಿಯುತ್ತಾರೆ.

ಎಣ್ಣೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಡಿಫರೆನ್ಷಿಯಲ್‌ನ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರು ಜೋಡಣೆ) ಹೈಪಾಯ್ಡ್ ಎಂಬ ಬಾಗಿದ ಹಲ್ಲುಗಳಿಗೆ ಹೊಂದುವ ಜಿಎಲ್-5 ದರ್ಜೆಯ ಎಣ್ಣೆಯನ್ನು ಹಳೆಯ ಗೇರ್‌ಬಾಕ್ಸಿಗೂ ಸುರಿಯುವುದು ರೂಢಿಯಲ್ಲಿದೆ. ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು; ಕೆಲವು ಎಣ್ಣೆಗಳಲ್ಲಿ ಅವು ಗೇರು ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ಉಂಗುರಗಳನ್ನು ಸವೆಸುತ್ತವೆ. ಕೈಪಿಡಿಯಲ್ಲಿ ಗೇರ್‌ಬಾಕ್ಸಿಗೆ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಬೇಕು.

ಬ್ರೇಕಿನ ಯಾವ ರಬ್ಬರ್ ಭಾಗವನ್ನೂ ಉಳಿಸಿಕೊಳ್ಳುವುದಿಲ್ಲವೆಂದು ನಿರ್ಧರಿಸಿದ್ದೇನೆ. ಹಳೆಯ ಕೊಳವೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ಕವಾಟದಂತೆ ವರ್ತಿಸಬಲ್ಲದು: ಒತ್ತಿದಾಗ ದ್ರವ ಹೋಗುತ್ತದೆ, ಬಿಟ್ಟಾಗ ಮರಳುವುದಿಲ್ಲ, ಚಕ್ರ ಹಿಡಿದುಕೊಂಡೇ ಉರುಳುತ್ತದೆ. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿದ ದ್ರವಕ್ಕೆ ಅದೇ ನಿಯಮದ ಕನಿಷ್ಠ ಮಿತಿ 155 ಡಿಗ್ರಿ. ಬಿಸಿಗೆ ದ್ರವ ಕುದಿದರೆ ಬ್ರೇಕ್ ಹಿಡಿಯದ ಕಾರಣ, ಸಾಮಾನು ಹೇರಿಕೊಂಡು ಉದ್ದದ ಘಟ್ಟ ಇಳಿಯುವ ಗಾಡಿಗೆ ಈ ಅಂತರ ಸಣ್ಣದಲ್ಲ. ಅಂಥ ಇಳಿಜಾರಿನಲ್ಲಿ ಚಕ್ರಗಳನ್ನು ಇನ್ನೂ ನಿಧಾನಗೊಳಿಸುವ ಲೋ ರೇಂಜಿನ ಕೆಳಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡುವುದೇ ಮೇಲು.

ಹಾಗೆಂದು ಫೋರ್ ವೀಲ್ ಡ್ರೈವನ್ನು ಪರೀಕ್ಷಿಸಲು ಡಾಂಬರು ರಸ್ತೆಗೆ ಹೋಗಬಾರದು. ನನ್ನದು ನಡುವೆ ಡಿಫರೆನ್ಷಿಯಲ್ ಇಲ್ಲದ ಪಾರ್ಟ್ ಟೈಮ್ ವ್ಯವಸ್ಥೆ, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವಂಥದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಒಣ ರಸ್ತೆಯಲ್ಲಿ ಟೈರು ಜಾರಲು ಅವಕಾಶವಿಲ್ಲದ್ದರಿಂದ ಆ ವ್ಯತ್ಯಾಸವೆಲ್ಲ ಶಾಫ್ಟುಗಳ ತಿರುಚಾಗಿ ಕೂಡಿಕೊಳ್ಳುತ್ತದೆ. ಸಡಿಲ ಮಣ್ಣಿನ ಬಯಲಿನಲ್ಲಿಯೇ ಪರೀಕ್ಷೆ.

ಟೈರುಗಳು ಹಳೆಯವು. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ; 2309 ಎಂದರೆ 2009ರ 23ನೆಯ ವಾರ. ಮೇಲ್ಮೈಯ ಗೀರುಗಳು ಆಳವಾಗಿದ್ದರೂ ಅಂಚಿನ ರಬ್ಬರ್ ಸೀಳಿದೆ, ಬದಲಿಸಲೇಬೇಕು. ದೊಡ್ಡ ಟೈರು ಹಾಕುವಂತೆ, ಗಾಡಿಯನ್ನು ಎತ್ತರಿಸುವಂತೆ ಸಲಹೆಗಳು ಬರುತ್ತಲೇ ಇವೆ. ನಾನು ಮೂಲ ಅಳತೆಯನ್ನೇ ಹಾಕುತ್ತೇನೆ: ಎತ್ತರ ಹೆಚ್ಚಿದಷ್ಟೂ ಗುರುತ್ವಕೇಂದ್ರ ಮೇಲೇರುತ್ತದೆ, ಶಾಫ್ಟಿನ ಕೋನ ಕಡಿದಾಗುತ್ತದೆ, ಮೊದಲೇ ಬಡವಾದ ಹಳೆಯ ಎಂಜಿನ್ ಇನ್ನಷ್ಟು ಏದುಸಿರು ಬಿಡುತ್ತದೆ. ಮರಳಿನಲ್ಲಿ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸುವುದರಿಂದ ಸಿಗುವ ಲಾಭಕ್ಕೆ ಒಂದು ಅಳತೆಗೋಲು ಮತ್ತು ಮತ್ತೆ ಗಾಳಿ ತುಂಬಲು ಒಂದು ಪುಟ್ಟ ಕಂಪ್ರೆಸರ್ ಸಾಕು.

ಮಲಗುವ ವ್ಯವಸ್ಥೆಯ ಬಗ್ಗೆ ಇಂದು ನಕ್ಷೆ ಮಾತ್ರ ಬರೆದೆ. ಛಾವಣಿಯ ಟೆಂಟು ಬೇಡ. ಅರ್ಧ ಕ್ವಿಂಟಾಲಿನಷ್ಟು ಭಾರವನ್ನು ಗಾಡಿಯ ನೆತ್ತಿಗೇರಿಸಿ ಓರೆ ದಾರಿಯಲ್ಲಿ ಹೋಗುವ ಧೈರ್ಯ ನನಗಿಲ್ಲ. ಹಿಂಬದಿಯಲ್ಲಿ ಪ್ಲೈವುಡ್ ಹಲಗೆ, ಅದರಡಿಯಲ್ಲಿ ಡಬ್ಬಗಳು, ಎಲ್ಲವನ್ನೂ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ನೀರು ಲೀಟರಿಗೆ ಒಂದು ಕಿಲೋ ತೂಗುವುದರಿಂದ 40 ಲೀಟರಿನ ಟ್ಯಾಂಕು ಹಿಂದಿನ ಆಕ್ಸಲ್‌ನ ಮುಂದೆ, ತಗ್ಗಿನಲ್ಲಿ ಕೂರಬೇಕು. ಎರಡನೆಯ ಬ್ಯಾಟರಿಯನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಎಲ್‌ಇಡಿ ದೀಪಕ್ಕೆ ಈಗಿನದೇ ಸಾಕು.

ಆಸನ, ಗಾಜು, ಬಾಗಿಲುಗಳನ್ನು ಗುಜರಿಯಿಂದ ತರಲು ನನಗೇನೂ ಅಳುಕಿಲ್ಲ. ಸೀಲು, ಬೇರಿಂಗು ಮತ್ತು ಬ್ರೇಕಿನ ಭಾಗಗಳು ಮಾತ್ರ ಹೊಸವೇ ಆಗಬೇಕು. ವೆಲ್ಡರ್ ಬರುವ ಮೊದಲು ಟ್ಯಾಂಕ್ ಇಳಿಸಬೇಕಿದೆ. ಅದರ ಪಟ್ಟಿಗಳ ಬೋಲ್ಟುಗಳಿಗೆ ಇವತ್ತೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟಿದ್ದೇನೆ.