ಮುಚ್ಚಳ ಹಾಕಿದ ಮೇಲೆ ಕೂಗಿದ ಗಿಟಾರ್

ಕಾರವಾರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಭಜನಾ ಮಂಡಳಿಯ ಆಂಪ್ಲಿಫೈಯರ್, ಯಕ್ಷಗಾನದವರ ಮಿಕ್ಸರ್, ಇಗರ್ಜಿಯ ಕೀಬೋರ್ಡ್, ಹಳೇ ರೇಡಿಯೋ, ಎಲ್ಲವೂ ನನ್ನ ಟೇಬಲ್ ಮೇಲೆ ಬಂದು ಹೋಗುತ್ತವೆ. ಈ ಕೆಲಸಕ್ಕೆ ಇಪ್ಪತ್ತೆರಡು ವರ್ಷ ಆಯ್ತು. ಆದರೆ ಕಳೆದ ಮಳೆಗಾಲದಲ್ಲಿ ಮಾಡಿದ ಒಂದು ಗಿಟಾರ್ ಕಲಿಸಿದಷ್ಟನ್ನು ಅದಕ್ಕೂ ಮೊದಲಿನ ಐದು ವರ್ಷ ಕಲಿಸಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ ಕೊನೆ. ಜಡಿಮಳೆ. ಸದಾಶಿವಗಡದ ಕಡೆಯ ಒಬ್ಬ ಕಾಲೇಜು ಹುಡುಗ ಪ್ಲಾಸ್ಟಿಕ್ ಸುತ್ತಿದ ಎಲೆಕ್ಟ್ರಿಕ್ ಗಿಟಾರ್ ತಂದ. ಬಿಡಿಸಿ ನೋಡಿದರೆ ಬಾಡಿ ಸೀಳಿಹೋಗಿದೆ, ಕುತ್ತಿಗೆ ಮಾತ್ರ ನೆಟ್ಟಗಿದೆ.

"ಅಣ್ಣಾ, ಬೇರೆ ಬಾಡಿ ಮಾಡಿಸಿದರೆ ನಡೆಯುತ್ತಾ?"

"ನಡೆಯುತ್ತೆ. ಆಚಾರಿ ಹತ್ತಿರ ಮಾತಾಡೋಣ."

"ಹಾಗಾದ್ರೆ ಒಳಗೇ ಆಂಪ್ಲಿಫೈಯರ್, ಸ್ಪೀಕರ್ ಎರಡೂ ಹಾಕೋಕೆ ಆಗುತ್ತಾ? ನಮ್ಮನೇಲಿ ಮಳೆಗಾಲ ಅಂದ್ರೆ ಕರೆಂಟ್ ಇರಲ್ಲ. ಪ್ರಾಕ್ಟೀಸ್ ಮಾಡೋ ಹೊತ್ತಿಗೆ ಸರಿಯಾಗಿ ಹೋಗುತ್ತೆ."

ಕೇಳಿದ್ದು ನ್ಯಾಯವೇ ಅಲ್ವಾ? ಎಲೆಕ್ಟ್ರಿಕ್ ಗಿಟಾರ್ ಆಂಪ್ಲಿಫೈಯರ್ ಇಲ್ಲದಿದ್ದರೆ ಸೊಳ್ಳೆ ಹಾಡಿದಷ್ಟೇ ಕೇಳುವುದು. ಗಿಟಾರಿನೊಳಗೇ ಆಂಪ್ ಇಡುವುದು ಹೊಸ ವಿಚಾರವೂ ಅಲ್ಲ. ಜಪಾನಿನ ಫರ್ನಾಂಡಿಸ್ ಕಂಪನಿ 1990ರ ಸುಮಾರಿಗೇ ಅಂಥ ಪುಟ್ಟ ಗಿಟಾರ್ ತಂದಿತ್ತು. ಇನ್ನು ಮನೇಲಿ ಕಟ್ಟುವ ವಿಷಯಕ್ಕೆ ಹುಡುಗನೇ ಒಂದು ಕಥೆ ಹೇಳಿದ. ಕ್ವೀನ್ ತಂಡದ ಬ್ರಿಯಾನ್ ಮೇ 1963ರಲ್ಲಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ, ಅಪ್ಪನ ಜೊತೆ ಕೂತು ತನ್ನ ಗಿಟಾರ್ ಕಟ್ಟಲು ಶುರುಮಾಡಿದನಂತೆ. ಕುತ್ತಿಗೆಗೆ ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಸ್ಪ್ರಿಂಗು ಹಳೇ ಮೋಟಾರ್ ಬೈಕಿನದು. ಮುಂದೆ ಹೆಚ್ಚಾಗಿ ನುಡಿಸಿದ್ದು ಅದನ್ನೇ. ಇದನ್ನು ಹೇಳುವಾಗ ಹುಡುಗನ ಕಣ್ಣು ನೋಡಬೇಕಿತ್ತು. ನಾನು ಒಪ್ಪಿಕೊಂಡೆ.

ಅಂಕೋಲೆ ಕಡೆ ನನಗೆ ಗುರುತಿನ ಆಚಾರಿ ಒಬ್ಬರಿದ್ದಾರೆ. ಹಳೇ ಮನೆ ಬಿಚ್ಚಿದಾಗ ಬಂದ ಹಲಸಿನ ಮರದ ಬಾಗಿಲ ಚೌಕಟ್ಟು ಅವರ ಕೊಟ್ಟಿಗೆಯಲ್ಲಿತ್ತು. ಹಲಸು ಅಂದರೆ ವೀಣೆಯ ಮರ. ಹತ್ತಾರು ವರ್ಷ ಮನೆಯೊಳಗೆ ಒಣಗಿದ ಮರ ಇನ್ನು ಸೊಟ್ಟಗಾಗುವ ಭಯ ಕಡಿಮೆ. ಈ ಕರಾವಳಿಯ ತೇವದಲ್ಲಿ ಹಸಿ ಮರ ತಂದು ಬಾಡಿ ಮಾಡಿದರೆ ಎರಡನೇ ಮಳೆಗಾಲ ದಾಟುವುದಿಲ್ಲ. ಎರಡು ತುಂಡು ಅಂಟಿಸಿ, 45 ಮಿಲಿಮೀಟರ್ ದಪ್ಪಕ್ಕೆ ಹತ್ತರಿ ಹೊಡೆದರು.

ಅಳತೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಸ್ವಲ್ಪ ಜಗ್ಗಾಟ ಆಯಿತು. ಆಚಾರಿ ಲೆಕ್ಕ ಇಂಚು ಮತ್ತು ನೂಲಿನಲ್ಲಿ. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿಲಿಮೀಟರ್. "ಒಂದು ನೂಲು ಆಚೆ ಈಚೆ ಆದ್ರೆ ಎಂತ ಆಗ್ತದೆ ಮಾರಾಯಾ, ಬಾಗಿಲಿಗೇ ಅಷ್ಟು ಬಿಡ್ತೇವೆ" ಅಂದರು. ಬಾಗಿಲಿಗೆ ಅಡ್ಡಿಲ್ಲ. ಗಿಟಾರಿಗೆ ಇದೆ. ಆ ಕುತ್ತಿಗೆಯ ಲೆಕ್ಕಕ್ಕೆ ತಂತಿಯ ಉದ್ದ 648 ಮಿಲಿಮೀಟರ್. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್‌ನಿಂದ ಹನ್ನೆರಡನೇ ಫ್ರೆಟ್ಟಿಗೆ (ಕುತ್ತಿಗೆ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಸರಿಯಾಗಿ ಅರ್ಧ, 324. ಅಲ್ಲಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜಿಗೆ ಇನ್ನೊಂದು 324. ಬ್ರಿಡ್ಜ್ ಇರಬೇಕಾದ ಜಾಗಕ್ಕಿಂತ ಒಂದು ನೂಲು ಹಿಂದೆ ಹೋದರೂ ಹನ್ನೆರಡನೇ ಫ್ರೆಟ್ಟಿನ ಸ್ವರ ಇಳಿಯುತ್ತದೆ. ಅಕ್ಕಪಕ್ಕದ ಎರಡು ಫ್ರೆಟ್ಟಿನ ನಡುವಿನ ಸ್ವರದ ಅಂತರವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಎಂಟು ಭಾಗ. ಕಿವಿ ಇರುವವನಿಗೆ ಅದು ಗೊತ್ತಾಗುತ್ತದೆ. ಹಾಗಂತ ದಪ್ಪ ತಂತಿಗಳಿಗೆ ಎರಡು ಮೂರು ಮಿಲಿಮೀಟರ್ ಹೆಚ್ಚು ಉದ್ದ ಬೇಕೂ ಬೇಕು. ಒತ್ತಿ ಹಿಡಿದಾಗ ತಂತಿ ಬಿಗಿಯಾಗಿ ಸ್ವರ ಏರುತ್ತದಲ್ಲ, ಅದನ್ನು ಸರಿದೂಗಿಸಲು. ಅದಕ್ಕೇ ಪ್ರತಿ ತಂತಿಗೂ ಬೇರೆಬೇರೆ ಹೊಂದಿಸಬಹುದಾದ ಬ್ರಿಡ್ಜ್ ಹಾಕಿದೆವು. ಇದೆಲ್ಲ ತಿಳಿದ ಮೇಲೆ ಆಚಾರಿ ನನ್ನ ಸ್ಟೀಲ್ ಸ್ಕೇಲ್ ಇಸಿದುಕೊಂಡರು, ವಾಪಸ್ ಕೊಟ್ಟಿಲ್ಲ.

ಅತ್ತ ಅವರು ಮರ ಕೆತ್ತುತ್ತಿರುವಾಗ ಇತ್ತ ನಾನು ಆಂಪ್ ಕಟ್ಟಿದೆ. ಎಲ್‌ಎಂ 386 ಅನ್ನುವ ಎಂಟು ಕಾಲಿನ ಐಸಿ, ಅಂದರೆ ಚಿಪ್. 9 ವೋಲ್ಟಿಗೆ ಅರ್ಧ ವ್ಯಾಟ್ ಆಸುಪಾಸು ಕೊಡುತ್ತದೆ, ಕೋಣೆಯೊಳಗೆ ಅಷ್ಟು ಸಾಕು. ಒಂದು ಮತ್ತು ಎಂಟನೇ ಕಾಲಿನ ನಡುವೆ ಏನೂ ಹಾಕದಿದ್ದರೆ ಸಿಗ್ನಲ್ ಇಪ್ಪತ್ತು ಪಟ್ಟು ಏರುತ್ತದೆ. 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಇನ್ನೂರು ಪಟ್ಟು. ನಾನು ಇನ್ನೂರೇ ಇಟ್ಟೆ. ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಂಡೆ.

ಒಂದು ತೊಡಕು ಟೇಬಲ್ ಮೇಲೆಯೇ ಕಂಡಿತು. ಪಿಕಪ್ ನೇರ ಐಸಿಗೆ ಕೊಟ್ಟರೆ ಧ್ವನಿ ಕಂಬಳಿ ಹೊದ್ದ ಹಾಗೆ ಮಂಕು. ಪಿಕಪ್ ಅಂದರೆ ತಂತಿಯ ಅದುರನ್ನು ಸಿಗ್ನಲ್ ಮಾಡುವ ಭಾಗ, ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಅದಕ್ಕೆ ಹಗುರವಾದ ಹೊರೆ ಬೇಕು. ಓಮ್ ಹೆಚ್ಚಿದ್ದಷ್ಟೂ ಹೊರೆ ಹಗುರ, ಒಂದು ಮೆಗಾಓಮ್ ಇದ್ದರೆ ಚೆಂದ. 386ರ ಬಾಯಿ, ಅಂದರೆ ಸಿಗ್ನಲ್ ಒಳಹೋಗುವ ಜಾಗ, ಬರೀ 50 ಕಿಲೋಓಮ್. ಹೊರೆ ಹೆಚ್ಚಾಗಿ ಮೇಲಿನ ಸ್ವರಗಳೆಲ್ಲ ಸಾಯುತ್ತವೆ. ನಡುವೆ ಬಿಎಫ್‌ಡಬ್ಲ್ಯೂ 11 ಫೆಟ್ ಅನ್ನುವ ಒಂದು ಬಗೆಯ ಟ್ರಾನ್ಸಿಸ್ಟರ್ ಹಾಕಿದೆ, ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ನಾವೆಲ್ಲ ನೋಡಿದ್ದೇ ಅದು. ಮಂಕು ಹೋಯಿತು. 8 ಓಮಿನ ಮೂರು ಇಂಚಿನ ಸ್ಪೀಕರಿನಲ್ಲಿ ತಂತಿ ಗಂಟೆ ಹೊಡೆದ ಹಾಗೆ ಕೇಳಿತು.

ಗಿಟಾರ್ ರೆಡಿ. ಆಂಪ್ ರೆಡಿ. ಎರಡನ್ನೂ ಬೇರೆಬೇರೆ ಪರೀಕ್ಷೆ ಮಾಡಿ ಆಗಿತ್ತು. ಎಲ್ಲ ಬಾಡಿಯೊಳಗೆ ಕೂರಿಸಿ, ಹಿಂದಿನ ಮುಚ್ಚಳಕ್ಕೆ ಆರು ಸ್ಕ್ರೂ ಬಿಗಿದು, ಹುಡುಗನನ್ನು ಕರೆದು ಸ್ವಿಚ್ ಹಾಕಿದೆ.

ಕೂಗು ಅಂದರೆ ಕೂಗು. ಕುಕ್ಕರ್ ಸೀಟಿ ನಿಲ್ಲದೇ ಹೊಡೆದ ಹಾಗೆ. ವಾಲ್ಯೂಮ್ ಕಾಲು ಭಾಗ ತಿರುಗಿಸುವಷ್ಟರಲ್ಲಿ ಶುರು. ಹುಡುಗನ ಮುಖ ಇಳಿಯಿತು, ನನ್ನ ಎದೆಯೂ.

ಇಲ್ಲಿ ಒಂದು ಹಳೇ ಸಂಗತಿ ಹೇಳಬೇಕು. ಬಹಳ ಹಿಂದೆ ಒಂದು ಮೇಳದ ಆಂಪ್ಲಿಫೈಯರ್ ತಿರುಗಾಟದ ಮಧ್ಯೆ ನನ್ನ ಹತ್ತಿರ ಬಂದಿತ್ತು. ರಿಪೇರಿ ಮಾಡಿ, ಬಿಚ್ಚಿದ ಸ್ಥಿತಿಯಲ್ಲೇ ಒಂದು ತಾಸು ಓಡಿಸಿ ನೋಡಿ, ಮುಚ್ಚಳ ಹಾಕಿ ಕೊಟ್ಟೆ. ರಾತ್ರಿ ಆಟದ ಮಧ್ಯೆ ಭಾಗವತರ ಪದ್ಯ ನಡೆಯುತ್ತಿರುವಾಗ ಸೆಟ್ ಸತ್ತಿತು. ಮರುದಿನ ತಂದರು. ಬಿಚ್ಚಿದೆ, ಸರಿಯಾಗಿ ಓಡಿತು. ಮುಚ್ಚಿ ಕೊಟ್ಟೆ. ಮತ್ತೆ ಸತ್ತಿತು. ಎರಡನೇ ಸಲ ಗೊತ್ತಾಯಿತು, ಮುಚ್ಚಳದ ಒಂದು ಉದ್ದ ಸ್ಕ್ರೂ ಒಳಗಿನ ಬೋರ್ಡಿಗೆ ತಾಗುತ್ತಿತ್ತು. ಅದನ್ನು ಹಾಕಿದ್ದು ನಾನೇ. ಆಟ ನೋಡಲು ಬಂದ ಅಷ್ಟು ಜನರ ಮುಂದೆ ಎರಡು ರಾತ್ರಿ ಭಾಗವತರ ದನಿ ನಿಂತದ್ದು ನನ್ನಿಂದ. ಆ ಬೇಸರ ಈಗಲೂ ಇದೆ. ಅವತ್ತು ನಾನು ಕಲಿತದ್ದು ಸ್ಕ್ರೂ ಉದ್ದ ನೋಡಬೇಕು ಅಂತ ಅಷ್ಟೇ. ನಿಜವಾಗಿ ಕಲಿಯಬೇಕಿದ್ದದ್ದು ಬೇರೆ. ಬಿಚ್ಚಿಟ್ಟ ಸೆಟ್ಟು ಬೇರೆ, ಮುಚ್ಚಿದ ಸೆಟ್ಟು ಬೇರೆ. ಎರಡು ಒಳ್ಳೆಯ ವಸ್ತುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟ ಕೂಡಲೇ ಅವು ಒಂದರ ಜೊತೆ ಒಂದು ಮಾತಾಡಲು ಶುರುಮಾಡುತ್ತವೆ. ಆ ಮಾತನ್ನು ಕೇಳಿಸಿಕೊಳ್ಳುವುದೇ ಒಂದು ಪ್ರತ್ಯೇಕ ಕೆಲಸ. ಅದಕ್ಕೆ ದಿನ ಎತ್ತಿಡಬೇಕು, ಕೂಲಿಯನ್ನೂ ಲೆಕ್ಕ ಹಾಕಬೇಕು.

ಆ ಗಿಟಾರಿಗೆ ನಾಲ್ಕು ದಿನ ಹಿಡಿಯಿತು. ಊಹೆ ಮಾಡುವುದು ಬಿಟ್ಟು ಒಂದೊಂದೇ ತೆಗೆದು ನೋಡಿದೆ.

ಮೊದಲು ತಂತಿಗಳ ಮೇಲೆ ಬಟ್ಟೆ ಒತ್ತಿದೆ. ಕೂಗು ನಿಲ್ಲಲಿಲ್ಲ, ಅಂದರೆ ತಂತಿಯದ್ದಲ್ಲ. ಪಿಕಪ್ಪಿನ ಎರಡು ವೈರ್ ಒಟ್ಟಿಗೆ ಸೇರಿಸಿ ಹಿಡಿದೆ. ತಕ್ಷಣ ಮೌನ, ಅಂದರೆ ಬೋರ್ಡಿನದ್ದಲ್ಲ. ಸ್ಪೀಕರ್ ವೈರ್ ಅದಲುಬದಲು ಮಾಡಿದೆ, ಕೂಗಿನ ಸ್ವರ ಬದಲಾಯಿತು ಅಷ್ಟೇ. ಆಮೇಲೆ ಸ್ಪೀಕರನ್ನು ಹೊರಗೆ ತೆಗೆದು ಎರಡು ಅಡಿ ವೈರ್ ಕೊಟ್ಟು ಕೈಯಲ್ಲಿ ಹಿಡಿದೆ. ದೂರ ಹಿಡಿದರೆ ಸುಮ್ಮನೆ. ಪಿಕಪ್ಪಿನ ಹತ್ತಿರ ತಂದರೆ ಮೂರು ಇಂಚು ಇರುವಾಗಲೇ ಕೂಗು. ಸ್ಪೀಕರ್ ಮುಖಕ್ಕೆ ದಪ್ಪ ಟವೆಲ್ ಒತ್ತಿ ಸದ್ದು ಅಡಗಿಸಿ ತಂದರೂ ಕೂಗು. ಆಗ ತಿಳಿಯಿತು. ಇದು ಗಾಳಿಯಲ್ಲಿ ಬರುವ ಸದ್ದಲ್ಲ. ಸ್ಪೀಕರಿನ ಸುರುಳಿಯಲ್ಲಿ ಓಡುವ ಕರೆಂಟಿನ ಅಯಸ್ಕಾಂತ ಶಕ್ತಿ ನೇರವಾಗಿ ಪಿಕಪ್ಪಿನ ಸುರುಳಿಗೆ ಹೋಗುತ್ತಿದೆ. ಎರಡೂ ಸುರುಳಿಯೇ ಅಲ್ವಾ, ಟ್ರಾನ್ಸ್‌ಫಾರ್ಮರ್ ಆಗಿಬಿಟ್ಟಿದೆ.

ನಾನು ಪಿಕಪ್ಪನ್ನು ಬ್ರಿಡ್ಜ್ ಹತ್ತಿರ ಹಾಕಿದ್ದೆ, ಸ್ಪೀಕರನ್ನು ಬ್ರಿಡ್ಜಿನ ಪಕ್ಕದಲ್ಲೇ. ಮರ ಕೊರೆಯುವಾಗ ಅಲ್ಲಿ ಜಾಗ ಇತ್ತು, ನೋಡಲೂ ಚೆಂದ ಕಂಡಿತ್ತು. ಸ್ಪೀಕರಿನ ದೊಡ್ಡ ತೂತು ಸರಿಸಲು ಆಗುವುದಿಲ್ಲ. ಹಾಗಾಗಿ ಪಿಕಪ್ಪನ್ನು ಕುತ್ತಿಗೆಯ ಬುಡಕ್ಕೆ ಒಯ್ದೆ. ಆಚಾರಿ ಬಂದು ಹಳೇ ಗುಳಿಗೆ ಹಲಸಿನ ತುಂಡೇ ಕೂರಿಸಿ ಅಂಟಿಸಿದರು. ಕೈಯಾಡಿಸಿದರೂ ಜೋಡಣೆ ಸಿಗುವುದಿಲ್ಲ, ಅಂಥ ಕೆಲಸ.

ಮುಕ್ಕಾಲು ಕೂಗು ಹೋಯಿತು. ಉಳಿದದ್ದಕ್ಕೆ ಪಿಕಪ್ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಸ್ಪೀಕರಿನಲ್ಲಿ ಟಕ್ ಟಕ್ ಅಂತ ಬಂತು. ಒಳಗಿನ ಸುತ್ತುಗಳು ಸಡಿಲ ಇದ್ದು ಮೈಕಿನ ಹಾಗೆ ಅದುರುತ್ತಿವೆ. ಇದಕ್ಕೆ ಮದ್ದು ಮೇಣ. ನಾಲ್ಕು ಪಾಲು ಮೇಣದಬತ್ತಿಯ ಮೇಣ, ಒಂದು ಪಾಲು ಜೇನುಮೇಣ. ಜೇನುಮೇಣಕ್ಕೆ ನಮ್ಮ ಜಿಲ್ಲೆಯಲ್ಲಿ ಏನು ಬರ, ಶಿರಸಿ ಕಡೆ ಜೇನು ಸಾಕುವ ಪರಿಚಯದವರು ಒಂದು ಉಂಡೆ ಕಳಿಸಿದರು. ಮೇಣದ ಪಾತ್ರೆಯನ್ನು ಎಂದೂ ನೇರ ಒಲೆ ಮೇಲೆ ಇಡಬೇಡಿ, ಬೆಂಕಿ ಹಿಡಿಯುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, 65 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಬೇಕು. ದಾಟಿದರೆ ಪಿಕಪ್ಪಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪಿಕಪ್ ಮುಳುಗಿಸಿದ ಕೂಡಲೇ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಸುತ್ತುಗಳ ನಡುವಿನ ಗಾಳಿ ಅದು. ಇಪ್ಪತ್ತು ನಿಮಿಷಕ್ಕೆ ಗುಳ್ಳೆ ನಿಂತಿತು. ಅಂಗಡಿ ತುಂಬ ಜೇನುತುಪ್ಪದ ವಾಸನೆ. ಆರಿದ ಮೇಲೆ ತಟ್ಟಿದರೆ ಟಕ್ ಇಲ್ಲ.

ಇನ್ನೂ ದೊಡ್ಡದು ಮಾಡಿದರೆ ದಪ್ಪ ತಂತಿ ತಾನಾಗೇ ಊಂ ಅನ್ನುತ್ತಿತ್ತು. ಸ್ಪೀಕರ್ ಮರವನ್ನು ಅದುರಿಸಿ, ಮರ ತಂತಿಯನ್ನು ಅದುರಿಸಿ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸ್ಪೀಕರ್ ಕೆಳಗೆ ಉಂಗುರ ಹಾಕಿದೆ, ಸ್ಕ್ರೂಗಳಿಗೂ ರಬ್ಬರ್ ವಾಷರ್. ಕೊನೆಗೆ ಆ ಇನ್ನೂರು ಪಟ್ಟಿನ ಆಸೆಯನ್ನೂ ಬಿಟ್ಟೆ. 10 ಮೈಕ್ರೋಫ್ಯಾರಡ್ ಜೊತೆ ಸಾಲಿನಲ್ಲಿ 1.2 ಕಿಲೋಓಮ್ ಹಾಕಿದರೆ ಐವತ್ತು ಪಟ್ಟಿಗೆ ಇಳಿಯುತ್ತದೆ. ಅಷ್ಟು ಸಾಕಾಯಿತು. ಬಹಳ ದಿನದ ಮೇಲೆ ಒಂದು ಸೆಟ್ಟಿನ ಶಕ್ತಿ ಕಡಿಮೆ ಮಾಡಿ ಖುಷಿಪಟ್ಟೆ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. 9 ವೋಲ್ಟಿನ ಚಿಕ್ಕ ಚೌಕ ಬ್ಯಾಟರಿ ಈ ಕೆಲಸಕ್ಕೆ ಆಗುವುದಿಲ್ಲ. ಜೋರಾಗಿ ನುಡಿಸಿದರೆ ವೋಲ್ಟೇಜ್ ಕುಸಿದು ಬುಡುಬುಡು ಅನ್ನುತ್ತದೆ. ಆರು ಪೆನ್ಸಿಲ್ ಸೆಲ್ ಸಾಲಾಗಿ ಹಾಕಿ, ಪಕ್ಕದಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಅದೇ 9 ವೋಲ್ಟ್, ಎಷ್ಟೋ ಪಟ್ಟು ಹೆಚ್ಚು ಬಾಳಿಕೆ.

ಆದರೆ ಇನ್ನೊಂದು ಮಾತು ಸಾವಕಾಶ ಹೇಳಬೇಕು. ಇಂಥ ಗಿಟಾರಿಗೆ ಹೊರಗಿನ ಆಂಪ್ಲಿಫೈಯರ್ ಜಾಕ್ ಕೂಡ ಇರುತ್ತದೆ. ಗುಂಯ್ ಅನ್ನುವ ಹಮ್ ಸದ್ದು ಕಡಿಮೆ ಆಗಲಿ ಅಂತ ಬ್ರಿಡ್ಜಿಗೆ, ಅಂದರೆ ತಂತಿಗಳಿಗೆ, ಗ್ರೌಂಡ್ ವೈರ್ ಕೊಟ್ಟಿರುತ್ತೇವೆ. ಸೆಲ್ ಮೇಲೆ ನುಡಿಸುವಾಗ ಏನೂ ಅಪಾಯ ಇಲ್ಲ. ಅರ್ತಿಂಗ್ ಇಲ್ಲದ, ಒಳಗೆ ಕರೆಂಟ್ ಸೋರುವ ಆಂಪ್ಲಿಫೈಯರಿಗೆ ಜಾಕ್ ಹಾಕಿದಿರೋ, ಆ ಕರೆಂಟ್ ತಂತಿಗೇ ಬರುತ್ತದೆ. ಹಿಡಿದವನ ಕೈ ಬಿಗಿದುಕೊಳ್ಳುತ್ತದೆ, ಕಾಲ ಕೆಳಗೆ ಮಳೆಗಾಲದ ಒದ್ದೆ ನೆಲ. ಪ್ಲಗ್ಗಿನ ಮೂರನೇ, ಅಂದರೆ ಅರ್ತಿಂಗಿನ, ಪಿನ್ ಕಿತ್ತ ಆಂಪ್ಲಿಫೈಯರುಗಳು ನನ್ನ ಟೇಬಲ್ಲಿಗೆ ಇವತ್ತಿಗೂ ಬರುತ್ತವೆ. ಪಿನ್ ಹಾಕದೇ ನಾನು ವಾಪಸ್ ಕೊಡುವುದಿಲ್ಲ. ಜಗಳ ಆದರೂ ಅಡ್ಡಿಲ್ಲ. ಹುಡುಗನಿಂದಲೂ ಮಾತು ತೆಗೆದುಕೊಂಡೇ ಗಿಟಾರ್ ಕೊಟ್ಟೆ.

ಈಗ ಅಂಗಡಿಯಲ್ಲಿ ಕ್ರಮ ಬದಲಾಗಿದೆ. ಯಾವ ಸೆಟ್ಟೇ ಇರಲಿ, ಎಲ್ಲ ಸ್ಕ್ರೂ ಬಿಗಿದು, ಮುಚ್ಚಳ ಹಾಕಿ, ಅವರದೇ ಮೈಕು, ಅವರದೇ ಬಾಕ್ಸ್ ಕೊಟ್ಟು ಅರ್ಧ ತಾಸು ಓಡಿಸುತ್ತೇನೆ. ಮಿಕ್ಸರ್ ಒಂದೇ ತಂದವರಿಗೆ "ಕೇಬಲ್ಲೂ ತನ್ನಿ" ಅನ್ನುತ್ತೇನೆ. ಕೆಲವರಿಗೆ ಕಿರಿಕಿರಿ ಆಗುತ್ತದೆ. ಆದರೆ ರಾತ್ರಿ ಹನ್ನೆರಡಕ್ಕೆ ಬರುತ್ತಿದ್ದ ಫೋನುಗಳು ಕಡಿಮೆ ಆಗಿವೆ.

ಹುಡುಗ ಮೂರು ವಾರದ ಮೇಲೆ ಒಮ್ಮೆ ಬಂದಿದ್ದ. ಉಪ್ಪುಗಾಳಿಗೆ ಜಾಕಿನ ಒಳಗೆ ಕಿಲುಬು ಕಟ್ಟಿ ಕರಕರ ಅನ್ನುತ್ತಿತ್ತು. ಒರೆಸಿ ಕೊಟ್ಟೆ. ನೋಡುತ್ತಿದ್ದ ಅವನ ಗೆಳೆಯ ತನಗೂ ಒಂದು ಬೇಕು ಅಂದ. ಆ ಹಲಸಿನ ಚೌಕಟ್ಟಿನ ಇನ್ನರ್ಧ ಆಚಾರಿ ಕೊಟ್ಟಿಗೆಯಲ್ಲೇ ಇದೆ. ಹೋದ ಭಾನುವಾರ ಹೋಗಿದ್ದೆ. ಮರ ಕೊಯ್ಯುವ ಮೊದಲೇ ಸ್ಪೀಕರ್, ಪಿಕಪ್ ಎರಡನ್ನೂ ಹಲಗೆ ಮೇಲೆ ಇಟ್ಟು, ಆಂಪ್ ಹಾಕಿ, ಎಲ್ಲಿ ಕೂಗುತ್ತದೆ ಎಲ್ಲಿ ಕೂಗುವುದಿಲ್ಲ ಅಂತ ಸರಿಸಿ ಸರಿಸಿ ನೋಡಿದೆವು. ಕೂಗದ ಜಾಗಕ್ಕೆ ಆಚಾರಿ ಪೆನ್ಸಿಲಿನಿಂದ ಗುರುತು ಹಾಕಿದರು, ನನ್ನ ಸ್ಟೀಲ್ ಸ್ಕೇಲ್ ಇಟ್ಟು, ಮಿಲಿಮೀಟರಿನಲ್ಲಿ.