ಯಾರು ಬೇಕಿತ್ತು ಸರ್?

ಮೆಟ್ರೋದಲ್ಲಿ ‘ಸೆಂಟ್ರಲ್ ಕಾಲೇಜು’ ಅಂತ ಕೇಳಿದ್ದೇ ತಡ, ಅಪ್ಪ ಎದ್ದು ನಿಂತರು. ರೈಲು ಇನ್ನೂ ಸುರಂಗದಲ್ಲೇ ಇತ್ತು.

ಜ್ಞಾನಜ್ಯೋತಿ ಸಭಾಂಗಣದಲ್ಲಿ ನೆಂಟರ ಹುಡುಗಿಗೆ ಬಹುಮಾನ ಕೊಡುವ ಕಾರ್ಯಕ್ರಮ. ಶುರುವಾಗೋದು ಹನ್ನೊಂದಕ್ಕೆ. ಒಂಬತ್ತಕ್ಕೇ ನನ್ನನ್ನು ಹೊರಡಿಸಿದ್ದು ಯಾಕೆ ಅಂತ ಗೇಟಿನ ಹತ್ತಿರ ಗೊತ್ತಾಯಿತು.

“ಮೊದಲು ನನ್ನ ಕ್ಲಾಸ್ ನೋಡ್ಕೊಂಡು ಬರೋಣ ಬಾರೋ.”

ಅಪ್ಪ ಎಪ್ಪತ್ತರ ದಶಕದ ಕೊನೆಯಲ್ಲಿ ಇಲ್ಲಿ ಗಣಿತದ ಎಂ.ಎಸ್ಸಿ. ಓದಿದವರು. ಆಗಲೇ ಇದು ಬರೀ ಕಾಲೇಜಾಗಿರಲಿಲ್ಲ. 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ, 1875ರಲ್ಲಿ ಸೆಂಟ್ರಲ್ ಕಾಲೇಜ್ ಆಗಿ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ತವರಾಯಿತು. ಆಮೇಲೆ ವಿಶ್ವವಿದ್ಯಾಲಯ ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೋಯಿತು, ಗಣಿತದಂಥ ಕೆಲವು ವಿಭಾಗ ಮಾತ್ರ ಇಲ್ಲೇ ಉಳಿದವು. ಈಗ ಇದು ಡಾ. ಮನಮೋಹನ್ ಸಿಂಗ್ ಬೆಂಗಳೂರು ನಗರ ವಿಶ್ವವಿದ್ಯಾಲಯದ ಜಾಗ. ಬೋರ್ಡು ಎಷ್ಟು ಸಲ ಬದಲಾದರೂ ಅಪ್ಪನಿಗೆ ಇದು ‘ಕಾಲೇಜು’. ಮೆಟ್ರೋದವರೂ ಅಪ್ಪನ ಪಾರ್ಟಿನೇ ಅಲ್ವಾ!

ಕಲ್ಲಿನ ಕಟ್ಟಡ ಕಂಡ ಕೂಡಲೇ ಅಪ್ಪ ರಾಮನ್ ಕಥೆ ತೆಗೆದರು. ಸಿ.ವಿ. ರಾಮನ್ ತಮ್ಮ ಶೋಧವನ್ನು 1928ರ ಮಾರ್ಚ್ 16ರಂದು ವಿಜ್ಞಾನಿಗಳಿಗೆ ವಿವರಿಸಿದ್ದು ಈ ಕಾಲೇಜಿನಲ್ಲಿ. ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ, ತಾವೇ ಮುಂದಿನ ಸಾಲಿನಲ್ಲಿ ಕೂತು ಕೇಳಿದ ಹಾಗೆ. ನನಗೆ ಅದಕ್ಕಿಂತ ಇಷ್ಟವಾಗೋದು ಇನ್ನೊಂದು ಸಂಗತಿ. ಎ.ಆರ್. ಕೃಷ್ಣಶಾಸ್ತ್ರಿಗಳು ಇಲ್ಲೇ ಕರ್ನಾಟಕ ಸಂಘ ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಡಿಸಿದರು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲ ಅದು.

ಕ್ಲಾಸ್ ಸಿಗಲಿಲ್ಲ. ಅಂದರೆ, ಕೋಣೆ ಸಿಕ್ಕಿತು. ಒಳಗೆ ಕಪಾಟು, ಕಂಪ್ಯೂಟರು, ದಾರ ಕಟ್ಟಿದ ಫೈಲುಗಳು. ಕರಿಹಲಗೆ ಇದ್ದ ಗೋಡೆಗೆ ಕ್ಯಾಲೆಂಡರ್ ಬಂದಿತ್ತು. ನನಗೇನೂ ಬೇಜಾರಾಗಲಿಲ್ಲ. ಬೀಗ ಹಾಕಿಸಿಕೊಂಡು ಪಾರಿವಾಳ ಸಾಕೋದಕ್ಕಿಂತ ಇದು ವಾಸಿ. ಆದರೆ ಅಷ್ಟು ಎತ್ತರದ ಕೋಣೆಗೆ ಅಡ್ಡ ನಿಲ್ಲಿಸಿದ್ದ ಪ್ಲೈವುಡ್ ಮಾತ್ರ ಕಣ್ಣಿಗೆ ಚುಚ್ಚಿತು.

ಅಪ್ಪ ಬಾಗಿಲಲ್ಲೇ ನಿಂತು ಸುಮ್ನೆ ಕಿಟಕಿ ಎಣಿಸುತ್ತಿದ್ದರು. ಮೂರನೇ ಕಿಟಕಿಯ ಪಕ್ಕ ಅವರ ಬೆಂಚ್ ಇತ್ತಂತೆ. ಈಗ ಅಲ್ಲಿ ಜೆರಾಕ್ಸ್ ಮಷೀನು.

ಒಳಗಿದ್ದ ಹುಡುಗಿ ತಲೆ ಎತ್ತಿ ಕೇಳಿದಳು, “ಯಾರು ಬೇಕಿತ್ತು ಸರ್?”

ಅಪ್ಪ ತಬ್ಬಿಬ್ಬಾದರು. ಆಮೇಲೆ ನೆಟ್ಟಗೆ ನಿಂತು ಹೇಳಿದರು:

“ಸೆಕೆಂಡ್ ಇಯರ್ ಎಂ.ಎಸ್ಸಿ., ಮ್ಯಾಥ್ಸು.”