ಹಣೆಯ ಬೂದಿ ಯಾರ ಕಣ್ಣಿಗೆ?

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಚರ್ಚಿನ ಬಲಿಪೂಜೆಯಲ್ಲಿ ಪ್ರತಿ ವರ್ಷವೂ ಒಂದೇ ಶುಭಸಂದೇಶ ಓದುತ್ತಾರೆ, ಮತ್ತಾಯನ 6ನೇ ಅಧ್ಯಾಯ. ದಾನ ಕೊಡುವಾಗ ತುತ್ತೂರಿ ಊದಿಸಬೇಡ, ಪ್ರಾರ್ಥನೆಗೆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೋ, ಉಪವಾಸವಿರುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ ಅನ್ನುತ್ತಾರೆ ಯೇಸುಸ್ವಾಮಿ. ಅದನ್ನು ಕೇಳಿಸಿಕೊಂಡು ಎದ್ದು, ಸಾಲಿನಲ್ಲಿ ನಿಂತು, ನಾವು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಎಲ್ಲರಿಗೂ ಕಾಣುವ ಹಾಗೆ.

ಈ ಎರಡೂ ಒಂದೇ ದಿನ ಜೊತೆಯಾಗಿರುವುದು ಒಳ್ಳೆಯದೇ ಅಂತ ನನಗನಿಸುತ್ತದೆ. ಬೂದಿ ಹಚ್ಚಿಸಿಕೊಂಡ ಮೇಲೆ ಏನು ಮಾಡುತ್ತೇವೆ ನೋಡಿ. ಕೆಲವರು ಚರ್ಚಿನ ಬಾಗಿಲಲ್ಲೇ ಸೆಲ್ಫಿ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ. ಕೆಲವರು ಆಫೀಸಿನ ಗೇಟ್ ಬರುವ ಮುಂಚೆ ಕರ್ಚೀಫಿನಿಂದ ಒರೆಸಿಕೊಳ್ಳುತ್ತಾರೆ. ಒಬ್ಬರಿಗೆ ನಾಲ್ಕು ಜನ ನೋಡಬೇಕು, ಇನ್ನೊಬ್ಬರಿಗೆ ಯಾರೂ ನೋಡಬಾರದು. ಆದರೆ ಇಬ್ಬರೂ ಲೆಕ್ಕ ಹಾಕುತ್ತಿರುವುದು ಜನರ ಕಣ್ಣನ್ನೇ ಅಲ್ವಾ? ರೋಮಿನಲ್ಲಿ ಬೂದಿಯನ್ನು ನೆತ್ತಿಯ ಮೇಲೆ ಉದುರಿಸುವ ರೂಢಿ ಇದೆ. ಹಣೆ ಮೇಲೆ ಗುರುತೇ ಉಳಿಯುವುದಿಲ್ಲ. ಹಾಗಂತ ಅಲ್ಲಿಯವರಿಗೆ ಈ ಕಷ್ಟ ಇಲ್ಲ ಅಂದುಕೊಳ್ಳಬೇಡಿ.

ಆ ಬೂದಿ ಬರುವುದು ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳಿಂದ. ಯೇಸು ಜೆರುಸಲೇಮಿಗೆ ಬಂದ ದಿನದ ನೆನಪಿಗೆ ‘ಹೊಸಾನ್ನ’ ಎಂದು ಜೈಕಾರ ಹಾಕಿ ಎತ್ತಿ ಹಿಡಿದಿದ್ದ ಗರಿಗಳು ಒಣಗಿ, ಸುಟ್ಟು, ಪುಡಿಯಾಗಿ ನಮ್ಮ ಹಣೆಗೆ ಬರುತ್ತವೆ. ಜೆರುಸಲೇಮಿನಲ್ಲಿ ಆ ಜೈಕಾರ ಎಷ್ಟು ದಿನ ಉಳಿಯಿತು ಅಂತ ನಮಗೆ ಗೊತ್ತೇ ಇದೆ. ವಾರ ಮುಗಿಯುವ ಮುಂಚೆ ಅದೇ ಊರಿನ ಬೀದಿಯಲ್ಲಿ ‘ಶಿಲುಬೆಗೆ ಹಾಕಿ’ ಎಂಬ ಕೂಗು.

ಜನರ ಮೆಚ್ಚುಗೆ ಬೇಕು ಅನ್ನುವವರು ಬರೀ ಜಂಬದವರು ಅಂತ ನಾವು ತಿಳಿದಿರುತ್ತೇವೆ. ಯೇಸುವಿನ ಮುಖ್ಯ ಶಿಷ್ಯ ಪೇತ್ರನ ಕಥೆ ಬೇರೆಯೇ ಹೇಳುತ್ತದೆ. ಅಂತಿಯೋಕ್ಯದಲ್ಲಿ ಆತ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಜೆರುಸಲೇಮಿನ ಸಭೆಯ ಮುಖಂಡ ಯಕೋಬನ ಕಡೆಯವರು ಬಂದರು. ಯೆಹೂದ್ಯರು ಬೇರೆಯವರ ಜೊತೆ ಉಣ್ಣಬಾರದು ಅನ್ನುವವರು. ಅವರಿಗೆ ಹೆದರಿ ಮೆಲ್ಲಗೆ ಹಿಂದೆ ಸರಿದ, ಬೇರೆ ಕೂತ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಜಾರಿದ. ಪೌಲ ಎಲ್ಲರೆದುರೇ ಪೇತ್ರನನ್ನು ಕೇಳಿದ. ಪೌಲನೇ ಗಲಾತ್ಯದ ವಿಶ್ವಾಸಿಗಳಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಇದಿದೆ. ದೇವರು ಯಾರಲ್ಲೂ ಭೇದ ಮಾಡುವುದಿಲ್ಲ ಎಂದು ಪೇತ್ರನಿಗೆ ಗೊತ್ತಿತ್ತು, ಯೆಹೂದ್ಯನಲ್ಲದ ಕೊರ್ನೇಲಿಯನ ಮನೆಯಲ್ಲಿ ತಾನೇ ಬಾಯಿಬಿಟ್ಟು ಹೇಳಿದ್ದ. ಆದರೂ ನೆಂಟರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಗೆದ್ದಿತು. ಯಾರ ಮನೆಯಲ್ಲಿ ಉಣ್ಣುತ್ತೇವೆ, ಯಾರ ಮನೆಗೆ ಹೆಣ್ಣು ಕೊಡುತ್ತೇವೆ ಎಂಬ ವಿಷಯದಲ್ಲಿ ನಮ್ಮ ಕ್ರೈಸ್ತ ಮನೆಗಳಲ್ಲೂ ಈ ಅಳುಕು ಇವತ್ತಿಗೂ ಗೆಲ್ಲುತ್ತಿದೆ. ನನಗೆ ತುಂಬಾ ನೋವಾಗುವುದು ಇಲ್ಲೇ. ಸೆಲ್ಫಿ ಹಾಕಿದರೆ ಯಾರಿಗೂ ಗಾಯವಾಗುವುದಿಲ್ಲ. ಊಟದಿಂದ ಎದ್ದು ಹೋದರೆ ಎದುರು ಕೂತವರಿಗೆ ಆಗುತ್ತದೆ.

ಹಾಗಾದರೆ ಎಲ್ಲವನ್ನೂ ಬಚ್ಚಿಡಬೇಕೇ? ಇಲ್ಲ. ‘ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ’ ಎಂದಿದ್ದೂ ಯೇಸುವೇ, ಒಂದೇ ಅಧ್ಯಾಯ ಹಿಂದೆ. ಒಳ್ಳೆಯದನ್ನು ನೋಡಿದವರು ಪರಲೋಕದ ತಂದೆಯನ್ನು ಹೊಗಳಲಿ ಅಂತ. ಯೋವಾನ್ನನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸುವನ್ನು ಒಳಗೊಳಗೇ ನಂಬಿದ ಮುಖಂಡರು ಬರುತ್ತಾರೆ. ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಾಗಿದ್ದ ಫರಿಸಾಯರಿಗೆ ಹೆದರಿ ಬಾಯಿ ಬಿಡಲಿಲ್ಲ. ದೇವರ ಮೆಚ್ಚುಗೆಗಿಂತ ಜನರ ಮೆಚ್ಚುಗೆಯೇ ಅವರಿಗೆ ಹೆಚ್ಚಾಯಿತು ಎನ್ನುತ್ತಾನೆ ಯೋವಾನ್ನ. ದಾನವನ್ನು ಮುಚ್ಚಿಡಬಹುದು, ಇಡಲೇಬೇಕು. ವಿಶ್ವಾಸವನ್ನು ಮುಚ್ಚಿಟ್ಟರೆ ಅದು ವಿನಯವಲ್ಲ.

ಜನರ ಕಣ್ಣಿನ ಹಂಗು ಬಿಡುವುದು ಹೇಗೆ? ಹಲ್ಲು ಕಚ್ಚಿ ಸಾಧಿಸುವ ಕೆಲಸ ಇದಲ್ಲ ಅಂತ ನನ್ನ ನಂಬಿಕೆ. ಯೊರ್ದಾನ್ ನದಿಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಆದಾಗ ‘ಈತನೇ ನನ್ನ ಪ್ರಿಯ ಪುತ್ರ, ಈತನನ್ನು ಮೆಚ್ಚಿದ್ದೇನೆ’ ಎಂದು ತಂದೆ ದೇವರ ದನಿ ಕೇಳಿಸಿತು. ಆಗ ಯೇಸು ಇನ್ನೂ ಒಂದು ಬೋಧನೆ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ಮೆಚ್ಚುಗೆ ಮೊದಲೇ ಬಂತು. ಅಲ್ಲಿಂದ ನೇರ ಮರಳುಗಾಡು, 40 ದಿನ. ಸೈತಾನ ಅವರನ್ನು ದೇವಾಲಯದ ತುದಿಗೆ ಕರೆದೊಯ್ದು ‘ನೀನು ದೇವರ ಪುತ್ರನಾಗಿದ್ದರೆ ಕೆಳಗೆ ಧುಮುಕು’ ಅನ್ನುತ್ತಾನೆ. ಕೆಳಗೆ ಜನ ಸೇರಿದ್ದರು ಅಂತ ಬರೆದಿಲ್ಲ. ಆದರೂ ಮರಳುಗಾಡು ಬಿಟ್ಟು ಊರ ನಡುವಿನ ದೇವಾಲಯವನ್ನೇ ಅವನು ಆರಿಸಿದ್ದು ಸುಮ್ನೆ ಇರಲಿಕ್ಕಿಲ್ಲ. ತಂದೆ ಆಗಲೇ ಹೇಳಿಯಾದ ಮಾತನ್ನು ಮತ್ತೆ ಸಾಬೀತು ಮಾಡು ಎಂಬ ಆಸೆ ಅದು. ಯೇಸು ಧುಮುಕಲಿಲ್ಲ. ಅವರಿಗೆ ಅದರ ಅಗತ್ಯವೇ ಇರಲಿಲ್ಲ.

2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18ಕ್ಕೆ. ಅದರ ಮುಂದಿನ ಭಾನುವಾರ, 22ರಂದು, ಸೈತಾನ ಯೇಸುವನ್ನು ಪರೀಕ್ಷಿಸಿದ ಈ ಶೋಧನೆಯ ಭಾಗವನ್ನು ಮತ್ತಾಯನಿಂದಲೇ ಓದುತ್ತಾರೆ. ಅದು ಶುರುವಾಗುವುದು 4ನೇ ಅಧ್ಯಾಯದಿಂದ. ಪೂಜೆಗೆ ಹೊರಡುವ ಮುಂಚೆ ಮನೆಯಲ್ಲಿ 3ನೇ ಅಧ್ಯಾಯದ ಕೊನೆಯ ವಚನವನ್ನೂ, ಅಂದರೆ ಆ ‘ಪ್ರಿಯ ಪುತ್ರ’ ಎಂಬ ದನಿಯ ಮಾತನ್ನೂ ಓದಿಕೊಂಡು ಹೋಗಿ.